ಅರ್ಧ ತೆರೆದ ಬಾಗಿಲಿನ ಬೀದಿ

ಅವರ ಬೆರಳ ತುದಿಗಳಲ್ಲಿ ಯಾವಾಗಲೂ ಒಣಗಿದ ಗೋಂದು ಇರುತ್ತಿತ್ತು. ಮಾತಾಡುತ್ತಾ ಮಾತಾಡುತ್ತಾ ಅದನ್ನು ಬೆಳ್ಳುಳ್ಳಿ ಸಿಪ್ಪೆ ಸುಲಿದ ಹಾಗೆ ಸುಲಿದು, ಸೀರೆಯ ಮೇಲೆ ತೊಟ್ಟ ಸ್ವೆಟರಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಂದು ಚೂರನ್ನೂ ನೆಲಕ್ಕೆ ಬಿಡುತ್ತಿರಲಿಲ್ಲ. ಯಾಕೆ ಮೇಡಂ ಎಂದು ಒಮ್ಮೆ ಕೇಳಿದೆ. "ಮಂಜು ಮಾಡಕ್ಕೆ ಬೇಕಲ್ಲಮ್ಮಾ. ಲಂಡನ್ನಲ್ಲಿ ಮಂಜಿಲ್ದೇ ಆಗುತ್ತಾ?" ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ನೋಡಿದರೆ ನಿಜ! ಗೋಂದಿನ ಆ ತೆಳು ಪೊರೆಗಳನ್ನು ಒಂದರ ಮೇಲೊಂದು ಕೂಡಿಸಿ, ಬೆರಳುದ್ದದ ಒಂದು ಬೀದಿದೀಪದ ಸುತ್ತ ಮಸುಕಾದ ಬಳೆಯಂತೆ ನಿಲ್ಲಿಸಿದ್ದರು. ಮಂಜು ಕವಿದ ಸಂಜೆ ದೀಪ ಹೇಗೆ ಕಾಣುತ್ತದೋ ಥೇಟ್ ಹಾಗೇ ಇತ್ತು. ನನ್ನ ಮೈ ಜುಮ್ಮೆಂದಿತು. ಸುಮಾರು ಎರಡು ವರ್ಷ ಅವರ ಹಿಂದೆ ಮುಂದೆ ಸುತ್ತಿದ್ದೇನೆ. ಆ ಜುಮ್ಮೆನ್ನುವುದು ಒಂದು ದಿನವೂ ತಪ್ಪಲಿಲ್ಲ.

ನಾನು ಹೇಳುತ್ತಿರುವುದು ಅಮೆರಿಕದ ಬಾಥೆಲ್‌ನ ನಾರ್ತ್ ಕ್ರೀಕ್ ಕಡೆ ಇರುವ ನಮ್ಮ ಬಡಾವಣೆಯ ಒಂದು ಗ್ಯಾರೇಜಿನ ಕಥೆ. ಎರಡು ಕಾರು ಹಿಡಿಯುವ ಗ್ಯಾರೇಜು. ಒಂದು ಪಕ್ಕ ಮೇಡಂ ಅವರ ಮಗಳ ಕಾರು. ಇನ್ನೊಂದು ಪಕ್ಕ ಟೇಬಲ್ ಟೆನಿಸ್ ಆಡುವ ಮೇಜು, ಅದರ ಮೇಲೆ ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನ ಅಂಚಿನಲ್ಲಿದ್ದ ಒಂದು ಬೀದಿ. ಒಂದು ತುದಿಯಲ್ಲಿ ರೈಲು ನಿಲ್ದಾಣ. ಇನ್ನೊಂದು ತುದಿಯಲ್ಲಿ ಇಟ್ಟಿಗೆ ಗೂಡು, ಅರ್ಧ ಎದ್ದ ಗೋಡೆಗಳು, ಅದರಾಚೆ ಒಂದು ಹೊಲ, ಹೊಲದಲ್ಲಿ ಒಂದೇ ಒಂದು ಹಸು. ನಡುವೆ ಸಾಲು ಮನೆಗಳು. ಗೋಡೆಗಳು ಸೀರಿಯಲ್ ಡಬ್ಬಗಳ ರಟ್ಟು. ಕಿಟಕಿಯ ಗಾಜು ಬಿಪಿ ಮಾತ್ರೆ ಮುಗಿದ ಪಟ್ಟಿಯ ಪ್ಲಾಸ್ಟಿಕ್. ಮಣ್ಣು, ಸೋಸಿ ಒಣಗಿಸಿದ ಚಹಾ ಚರಟ. ಬೇಲಿಗಿಡ, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್. ಪ್ರತಿ ಮನೆಯ ಬಾಗಿಲಲ್ಲೂ ಹಳೆಯ ಹವಾಯಿ ಚಪ್ಪಲಿಯ ರಬ್ಬರಿನಲ್ಲಿ ಕೊರೆದು, ದಾರದ ಪಟ್ಟಿ ಕಟ್ಟಿದ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಚಪ್ಪಲಿಗಳು. ಕಿಟಕಿಯೊಳಗೆ ಬಗ್ಗಿ ನೋಡಿದರೆ ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಕುರಿಮಾಂಸದ ತುಂಡು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಅವರು ನನಗೆ ಸಿಕ್ಕಿದ್ದು ನಾನು ಕಳೆದುಹೋದದ್ದರಿಂದ.

ಮದುವೆಯಾಗಿ ಬಂದು ಸ್ವಲ್ಪ ದಿನವಾಗಿತ್ತು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಗಂಡ ಬೆಳಿಗ್ಗೆ ರೆಡ್ಮಂಡ್‌ಗೆ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಗುಂಯ್ ಶಬ್ದ. ಅದಕ್ಕೇ ನಡೆಯಲು ಹೊರಡುತ್ತಿದ್ದೆ. ನಮ್ಮ ಬಡಾವಣೆಯಲ್ಲಿ ಎಲ್ಲ ಮನೆಗಳದ್ದೂ ಒಂದೇ ಗೋಧಿ ಬಣ್ಣ, ಒಂದೇ ಮಾಡು, ಒಂದೇ ಅಳತೆಯ ಹುಲ್ಲು. ಒಂದು ದಿನ ವಾಪಸು ಬಂದು ನಮ್ಮನೆ ಎಂದುಕೊಂಡು ಬೇರೆಯವರ ಬಾಗಿಲಿನ ಅಂಕಿ ಬೀಗ ಒತ್ತಿದೆ. ಕೆಂಪು ದೀಪ. ಮತ್ತೆ ಒತ್ತಿದೆ. ಒಳಗಿಂದ ನಾಯಿ ಬೊಗಳಿತು. ಓಡಿ ರಸ್ತೆಗೆ ಬಂದು ಗಂಡನಿಗೆ ಫೋನ್ ಮಾಡಿದೆ.

"ರೀ, ನಮ್ಮನೆ ಯಾವ್ದು ಅಂತ ಗೊತ್ತಾಗ್ತಿಲ್ಲ."

"ಮ್ಯಾಪ್ ಹಾಕ್ಕೊಳೇ ಮಾರಾಯ್ತಿ, ಮೀಟಿಂಗಲ್ಲಿದೀನಿ."

ಅಳು ಬಂದಿತ್ತು. ಆಗ ಪಕ್ಕದಿಂದ ಒಂದು ದನಿ. "ಏನಮ್ಮಾ, ಕನ್ನಡದೋಳಾ? ಬಾ ಒಳಗೆ. ಇಲ್ಲಿ ಎಲ್ರೂ ಒಂದ್ಸಲ ಕಳೆದುಹೋಗ್ತಾರೆ."

ಪೂರ್ತಿ ತೆರೆದ ಗ್ಯಾರೇಜು. ಕಾಟನ್ ಸೀರೆ, ಸ್ವೆಟರು, ಕಾಲುಚೀಲ, ಮೂಗಿನ ತುದಿಗೆ ಕನ್ನಡಕ. ಮೇಜಿನ ಸುತ್ತ ಹಳೆಯ ಜಮಖಾನೆ ಹಾಸಿತ್ತು. ಶೂ ಬಿಚ್ಚಿ ಹತ್ತಿದೆ. ಆ ಬೀದಿಯನ್ನು ಕಂಡು ನನ್ನ ಅಳು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರು ಇಕ್ಕಳದ ತುದಿಯಿಂದ ಟೋಪಿ ಹಾಕಿದ ಒಬ್ಬ ಪುಟ್ಟ ಮನುಷ್ಯನನ್ನು ತೋರಿಸಿದರು.

"ಇವನು ಗುಮಾಸ್ತ. ಸಿಟೀಲಿ ವಿಮಾ ಆಫೀಸು. ಸಂಜೆ ರೈಲಿಳಿದು ಬರ್ತಾನೆ, ಮಂಜು. ಎಲ್ಲಾ ಮನೇನೂ ಒಂದೇ ಥರ. ಗೇಟು ಎಣಿಸ್ಕೊಂಡು ಹೋಗ್ತಾನೆ ಪಾಪ. ಒಂದು ಗೇಟು ತಪ್ಪಿದ್ರೆ ಇನ್ನೊಬ್ರ ಹೆಂಡ್ತಿ ಬಾಗ್ಲು ತೆಗೀತಾಳೆ."

"ಆಂಟೀ, ಇದೆಲ್ಲ ನೀವೊಬ್ರೇ ಮಾಡಿದ್ದಾ?"

"ಆಂಟಿ ಬೇಡಮ್ಮಾ. ಮೇಡಂ ಅನ್ನು. ಅದನ್ನೇ ಕೇಳಿ ಕೇಳಿ ಕಿವಿಗೆ ಅಭ್ಯಾಸ ಆಗಿದೆ."

ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅವರು ಇತಿಹಾಸ ಹೇಳಿಕೊಟ್ಟವರು. ಪಠ್ಯಪುಸ್ತಕದಲ್ಲಿ ಒಂದು ಸಾಲಿತ್ತಂತೆ. ನಗರ ಬೆಳೆದಂತೆ ಮಧ್ಯಮ ವರ್ಗದವರು ಹೊರವಲಯಕ್ಕೆ ಹೋದರು, ಅಷ್ಟೇ. ಪ್ರತಿ ವರ್ಷ ಆ ಸಾಲನ್ನು ಓದಿ, ಬೋರ್ಡಿನ ಮೇಲೆ ಬರೆದು, ಒರೆಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಅವರ ಅಡುಗೆಮನೆ ಎಲ್ಲಿತ್ತು?" ಎಂದು ಕೇಳಿದಳು. ಕ್ಲಾಸೆಲ್ಲ ನಕ್ಕಿತು. ಮೇಡಂ ನಗಲಿಲ್ಲ. ಅವರಿಗೆ ಉತ್ತರ ಗೊತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಮಗಳ ಜೊತೆ ಇರಲು ಇಲ್ಲಿಗೆ ಬಂದರು. ಮೊದಲ ದಿನ ಬೆಳಿಗ್ಗೆ ಕಿಟಕಿಯ ಪರದೆ ಸರಿಸಿ ಹೊರಗೆ ನೋಡಿದರೆ ಸಾಲಾಗಿ ಒಂದೇ ಥರದ ಮನೆಗಳು, ಅವುಗಳಿಂದ ಒಂದೇ ಹೊತ್ತಿಗೆ ಹೊರಡುವ ಜನ. "ನಾನು ಬೋರ್ಡ್ ಮೇಲೆ ಒರೆಸಿ ಒರೆಸಿ ಹಾಕ್ತಿದ್ದ ಸಾಲು ಎದುರಿಗೆ ಬಂದು ನಿಂತಿತ್ತು ಕಣೆ," ಅಂದರು. ಆ ವಾರವೇ ಮೊದಲ ಮನೆ ಕಟ್ಟಿದರು. ಅಡುಗೆಮನೆಯಿಂದ ಶುರು ಮಾಡಿ. ಅದು ಮನೆಯ ಹಿಂಭಾಗದಲ್ಲಿತ್ತು, ಅದರ ಹಿಂದೆ ಪಾತ್ರೆ ತೊಳೆಯುವ ಒಂದು ಇಕ್ಕಟ್ಟು ಕೋಣೆ.

ನನಗೆ ಹುಚ್ಚು ಹಿಡಿಯಿತು. ಬೇರೆ ಪದವಿಲ್ಲ. ನಾನು ಓದಿದ್ದು ಬಿ.ಕಾಂ. ಇತಿಹಾಸ ಎಂದರೆ ಇಸವಿ ಬಾಯಿಪಾಠ ಮಾಡುವ ಶಿಕ್ಷೆ ಎಂದುಕೊಂಡಿದ್ದವಳು. ಈಗ ಲೈಬ್ರರಿಯಿಂದ ಪುಸ್ತಕಗಳನ್ನು ಚೀಲದ ತುಂಬ ಹೊತ್ತು ತರುವುದು, ಹಳೆಯ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡುವುದು, ಏನಾದರೂ ಸಿಕ್ಕಿದ ಕೂಡಲೇ ಗ್ಯಾರೇಜಿಗೆ ಓಡುವುದು. ಒಂದು ದಿನ ಹೀಗೇ ಏದುಸಿರು ಬಿಡುತ್ತಾ ಹೋಗಿ, "ಮೇಡಂ, ಇವರ ಮನೆಗಳಲ್ಲಿ ಪಿಯಾನೋ ಇರ್ತಿತ್ತಂತೆ!" ಅಂದೆ.

"ಗುಮಾಸ್ತನ ಮನೇಲೂ?"

"ಹೂಂ. ಕಂತಲ್ಲಿ ತಗೋತಿದ್ರಂತೆ."

"ನುಡಿಸ್ತಿದ್ದೋರು ಯಾರು?"

ಚೀಲದಿಂದ ಪುಸ್ತಕ ತೆಗೆದು ಹಾಳೆ ತಿರುವಿದೆ.

"ಎಷ್ಟೋ ಮನೇಲಿ ಯಾರೂ ಇಲ್ಲ," ಅಂದರು. "ಆದ್ರೂ ಮುಂದಿನ ರೂಮಲ್ಲಿ ಇರ್ಲೇಬೇಕು. ಆ ರೂಮಲ್ಲಿ ಭಾನುವಾರ ಬಿಟ್ರೆ ಯಾರೂ ಕೂರಲ್ಲ."

"ಎಂಥ ಜನ ಮೇಡಂ!"

"ನಿಮ್ಮನೇಲಿ ಎಂಟು ಕುರ್ಚಿ ಡೈನಿಂಗ್ ಟೇಬಲ್ ಇದೆಯಲ್ಲ, ಊಟ ಎಲ್ಲಿ ಮಾಡ್ತೀರಾ?"

"ಸೋಫಾ ಮೇಲೆ."

"ಹಾಂ. ಅದೇ ಪಿಯಾನೋ."

ಆ ಸಂಜೆ ನಮ್ಮ ಮನೆಗೆ ಬಂದು ಆ ಮೇಜನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದೆ. ನೂರೈವತ್ತು ವರ್ಷ ಎನ್ನುವುದು ಕೈಚಾಚಿದರೆ ತಗಲುವ ಹಾಗಿತ್ತು.

ಅವರ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಒಳಗೆ ಯಾರಿದ್ದಾರೆ ಎಂದು ಗೊತ್ತಾಗುವವರೆಗೆ ಮನೆ ಕಟ್ಟುತ್ತಿರಲಿಲ್ಲ. ಯಜಮಾನನ ಕೆಲಸವೇನು, ಹೆಂಡತಿಗೆ ಯಾರನ್ನು ಕಂಡರೆ ಆಗುವುದಿಲ್ಲ, ಮೇಲಿನ ಗೂಡಿನಂಥ ಕೋಣೆಯಲ್ಲಿ ಮಲಗುವ ಕೆಲಸದ ಹುಡುಗಿ ಯಾವ ಹಳ್ಳಿಯಿಂದ ಬಂದವಳು, ಅವತ್ತು ರಾತ್ರಿಗೆ ಏನಡುಗೆ. ಇದೆಲ್ಲ ತಿಳಿದ ಮೇಲೆಯೇ ರಟ್ಟಿಗೆ ಕತ್ತರಿ. ಮೂಲೆಯ ನಿವೇಶನವೊಂದು ತಿಂಗಳುಗಟ್ಟಲೆ ಖಾಲಿ ಇತ್ತು. ಶಾಲೆ ಮುಗಿಸಿ ಬಂದ ಮೊಮ್ಮಗಳು ಅದರ ಮೇಲೆ ಬೆರಳಿಟ್ಟು ಕೇಳುತ್ತಿದ್ದಳು.

"ನಾನಿ, ಹೂ ಲಿವ್ಸ್ ಹಿಯರ್?"

"ಅವರನ್ನೇ ಹುಡುಕ್ತಿದೀನಿ ಬೇಟಾ. ಸಿಕ್ಕಿದ ಮೇಲೆ ಕಟ್ಟೋಣ."

"ಬಟ್ ವೇರ್ ಆರ್ ದೇ ಸ್ಟೇಯಿಂಗ್ ನೌ?"

"ಹೋಟ್ಲಲ್ಲಿ."

ಅವಳಿಗೆ ಸಮಾಧಾನವಾಗುತ್ತಿತ್ತು.

ಕೆಲಸದ ಹುಡುಗಿಯರ ಬಗ್ಗೆ ಹೇಳುವಾಗ ಮಾತ್ರ ಮೇಡಂ ಅವರ ದನಿ ಇಳಿಯುತ್ತಿತ್ತು. "ನಮ್ಮ ಮೊಹಲ್ಲಾದಲ್ಲಿ ಎದುರು ಮನೆಯವರು ಬೆಳಿಗ್ಗೆದ್ದು ನೀರು ಹಾಕಿ ರಂಗೋಲಿ ಬಿಡೋರು. ನಾನು ಕಿಟಕೀಲಿ ನೋಡ್ತಿದ್ದೆ. ಲಂಡನ್ನಲ್ಲಿ ಅದೇ ಹೊತ್ತಲ್ಲಿ ಈ ಮಗು ಮಂಡಿಯೂರಿ ಮೆಟ್ಟಿಲಿಗೆ ಕಲ್ಲುಜ್ಜಿ ಬಿಳಿ ಮಾಡ್ತಿತ್ತು. ಮೆಟ್ಟಿಲು ಬಿಳಿ ಇಲ್ದಿದ್ರೆ ಬೀದಿಯವರು ಏನಂದ್ಕೋತಾರೆ ಅಂತ." ಆಮೇಲೆ ಮೆಟ್ಟಿಲ ಮೇಲಿದ್ದ ಆ ಬೊಂಬೆ ಹುಡುಗಿಯ ಕೈಗೆ, ಹತ್ತಿಯಲ್ಲಿ ಸುತ್ತಿದ ಒಂದು ಗಂಟು ಕೊಟ್ಟರು. ಬಿಸಿ ಬನ್ನು ಎಂದರು. "ಯಾರೂ ನೋಡಿಲ್ಲ. ತಿನ್ಕೊಳ್ಲಿ."

ಒಂದು ಶನಿವಾರ ಅವರನ್ನು ಊರಾಚೆಯ ಡುವಾಲ್ ಕಡೆಗೆ ಕರೆದುಕೊಂಡು ಹೋಗಿದ್ದೆ. ಹೊಸದಾಗಿ ಡ್ರೈವಿಂಗ್ ಕಲಿತ ಉಮೇದು. ಒಂದು ತಿರುವಿನಲ್ಲಿ "ನಿಲ್ಸು ನಿಲ್ಸು" ಎಂದು ಕೂಗಿದರು. ಏನೋ ಆಯಿತೆಂದು ಹೆದರಿ ಬದಿಗೆ ಹಾಕಿದೆ. ಎದುರಿಗೆ ಮರದ ಅಸ್ಥಿಪಂಜರಗಳಂತೆ ನಿಂತ ಅರ್ಧ ಕಟ್ಟಿದ ಮನೆಗಳ ಸಾಲು, ಸಾಲು ಮುಗಿದಲ್ಲಿ ತಂತಿ ಬೇಲಿ, ಬೇಲಿಯಾಚೆ ಹುಲ್ಲುಗಾವಲು, ಅಲ್ಲೊಂದು ಹಸು ನಮ್ಮನ್ನೇ ನೋಡುತ್ತಾ ಮೆಲುಕು ಹಾಕುತ್ತಿತ್ತು. ಸಣ್ಣ ಮಳೆ ಬೀಳುತ್ತಿದ್ದರೂ ಮೇಡಂ ಇಳಿದುಬಿಟ್ಟರು. ಸೆರಗನ್ನು ತಲೆಗೆಳೆದುಕೊಂಡು ಬೇಲಿಯ ತನಕ ಹೋದರು.

"ಇದನ್ನ ನೋಡಕ್ಕೆ ನಾನು ನೂರೈವತ್ತು ವರ್ಷ ಹಿಂದಕ್ಕೆ ಹೋಗ್ಬೇಕಿತ್ತು," ಅಂದರು. "ಅರ್ಧ ಗಂಟೆ ಡ್ರೈವಲ್ಲಿ ಬಂದುಬಿಟ್ವಿ."

ಅವರ ಕನ್ನಡಕದ ಮೇಲೆ ಹನಿಗಳಿದ್ದವು. ಒರೆಸಿಕೊಳ್ಳಲೂ ಇಲ್ಲ.

ಆ ಗ್ಯಾರೇಜಿನ ಬಾಗಿಲು ಬೆಳಗಿನಿಂದ ಸಂಜೆಯವರೆಗೂ ತೆರೆದಿರುತ್ತಿತ್ತು. ಒಳಗೆ ಕಿಟಕಿಯಿಲ್ಲ. ಗೋಂದು, ಬಣ್ಣದ ವಾಸನೆಗೆ ಅವರಿಗೆ ಕೆಮ್ಮು ಬರುತ್ತಿತ್ತು, ಗಾಳಿ ಬೇಕು. ಸಣ್ಣ ಕೆಲಸಕ್ಕೆ ಹಗಲ ಬೆಳಕೇ ಬೇಕು. ಆದರೆ ಅದಕ್ಕಿಂತ ದೊಡ್ಡ ಕಾರಣ, ಬಾಗಿಲು ತೆರೆದಿದ್ದರೆ ಜನ ಬರುತ್ತಿದ್ದರು. ಶಾಲಾ ಬಸ್ಸಿನಿಂದ ಇಳಿದ ಮಕ್ಕಳು, ಪಾರ್ಸೆಲ್ ತರುವವನು, ಮಗುವನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಓಡಾಡುವ ತೆಲುಗಿನ ತಾಯಂದಿರು. ಎಲ್ಲರೂ ಜಮಖಾನೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟು ಬಂದು ಮೇಜಿನ ಸುತ್ತ ಬಗ್ಗುತ್ತಿದ್ದರು. ನಮ್ಮ ಬಡಾವಣೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿದ್ದ ಜಾಗ ಅದೊಂದೇ.

ಬರದೇ ಇದ್ದವರು ಎದುರು ಮನೆಯ ಮುದುಕರು. ವಿಮಾನ ಕಂಪನಿಯಲ್ಲಿದ್ದು ನಿವೃತ್ತರಾದವರು, ಹೆಂಡತಿ ತೀರಿಹೋಗಿ ಒಬ್ಬರೇ ಇದ್ದರು. ಬಡಾವಣೆಯ ಮನೆಮಾಲೀಕರ ಸಂಘದ ಅಧ್ಯಕ್ಷರೂ ಅವರೇ. ಯಾರ ಹುಲ್ಲು ಉದ್ದವಾಯಿತು, ಯಾರ ಕಸದ ಡಬ್ಬ ಹೊರಗುಳಿಯಿತು, ಎಲ್ಲವೂ ಅವರಿಗೆ ಗೊತ್ತು. ಒಂದು ದಿನ ಸಂಘದಿಂದ ಮೇಡಂ ಮಗಳಿಗೆ ಇಮೇಲ್ ಬಂತು. ಕಾರು ಹೋಗಿಬರುವಾಗ ಬಿಟ್ಟರೆ ಗ್ಯಾರೇಜಿನ ಬಾಗಿಲು ಮುಚ್ಚಿರಬೇಕು, ಇದು ಎಲ್ಲರೂ ಸಹಿ ಹಾಕಿ ಒಪ್ಪಿಕೊಂಡ ನಿಯಮ.

ಆ ಸಂಜೆ ನಾನೂ ಅಲ್ಲಿದ್ದೆ. ಮಗಳು ಆಫೀಸಿನ ಬ್ಯಾಗನ್ನೂ ಇಳಿಸಿರಲಿಲ್ಲ.

"ಅಮ್ಮಿ, ಎಲ್ಲರ ಗ್ಯಾರೇಜೂ ಮುಚ್ಚಿರುತ್ತೆ. ನಮ್ದೊಂದೇ ಅಂಗಡಿ ಥರ ತೆರೆದಿರುತ್ತೆ. ಜನ ಏನಂದ್ಕೋತಾರೆ?"

ಮೇಡಂ ಸಿಟ್ಟಾಗುತ್ತಾರೆ ಎಂದು ನಾನು ಕಾದೆ. ಅವರ ಮುಖ ಅರಳಿಬಿಟ್ಟಿತು. "ಕೇಳಿಸ್ಕೊಂಡ್ಯಾ?" ಎಂದು ನನ್ನ ಕಡೆ ತಿರುಗಿದರು. "ಜನ ಏನಂದ್ಕೋತಾರೆ! ನನ್ನ ಬೀದಿ ಮೂರನೇ ಮನೆ ಯಜಮಾನಿ ಗಂಡನಿಗೆ ದಿನಾ ಹೇಳೋ ಮಾತು!"

"ನಾನು ಸೀರಿಯಸ್ಸಾಗಿ ಹೇಳ್ತಿದೀನಿ, ನಿನಗೆ ತಮಾಷೆ," ಎಂದು ಮಗಳು ಕಣ್ಣಲ್ಲಿ ನೀರು ತುಂಬಿಕೊಂಡಳು. ಆಗ ಮೇಡಂ ನಗು ನಿಲ್ಲಿಸಿ, ತಾವೇ ಗುಂಡಿ ಒತ್ತಿದರು. ಬಾಗಿಲು ಗಡಗಡ ಎಂದು ಇಳಿಯಿತು. ಬೆಳಕು ಮೊದಲು ನಿಲ್ದಾಣದ ಮೇಲಿಂದ ಹೋಯಿತು, ಆಮೇಲೆ ಮನೆಗಳ ಮೇಲಿಂದ, ಕೊನೆಗೆ ಹಸುವಿನ ಮೇಲಿಂದ.

ಮುಂದಿನ ಕೆಲವು ವಾರಗಳನ್ನು ನೆನೆಸಿಕೊಳ್ಳುವುದು ನನಗೆ ಇವತ್ತಿಗೂ ಕಷ್ಟ. ನಾನು ಮುಂಬಾಗಿಲಿನ ಗಂಟೆ ಒತ್ತಿ ಒಳಗಿನಿಂದ ಗ್ಯಾರೇಜಿಗೆ ಹೋಗುತ್ತಿದ್ದೆ. ಟ್ಯೂಬ್‌ಲೈಟಿನ ಕೆಳಗೆ ಮೇಡಂ ಸುಮ್ಮನೆ ಕೂತಿರುತ್ತಿದ್ದರು. ಗೋಂದಿನ ಮುಚ್ಚಳ ತೆಗೆದರೆ ಕೆಮ್ಮು. ಮಕ್ಕಳು ಒಂದೆರಡು ದಿನ ಮುಚ್ಚಿದ ಬಾಗಿಲನ್ನು ಬಡಿದು, ಆಮೇಲೆ ಮರೆತರು. ಅವರ ಬೆರಳುಗಳು ಸ್ವಚ್ಛವಾಗಿದ್ದವು. ಅದನ್ನು ಕಂಡೇ ನನಗೆ ಹೆದರಿಕೆಯಾಯಿತು.

"ಮೇಡಂ, ಬೀದಿ ಮುಗಿಸಬೇಕಲ್ಲ?"

"ಯಾರಿಗೆ ತೋರಿಸಕ್ಕಮ್ಮಾ?" ಅಂದರು. "ಬಾಗಿಲು ಮುಚ್ಚಿದ್ರೆ ನಾನೂ ಅವ್ರ ಥರಾನೇ. ಕಿಟಕಿ ಪರದೆ ಹಿಂದೆ ನಿಂತು ಬೀದಿ ನೋಡೋಳು."

ಸಂಘದ ಸಭೆ ಲೈಬ್ರರಿಯ ಕೋಣೆಯಲ್ಲಿ ನಡೆಯುತ್ತದೆ, ಯಾರು ಬೇಕಾದರೂ ಬಂದು ಮಾತಾಡಬಹುದು ಎಂದು ಅವರಿಗೆ ಹೇಳಿದ್ದು ನಾನೇ. ಬರುವುದಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಸಭೆಯ ಸಂಜೆ ಹೋಗಿ ನೋಡಿದರೆ ಮೈಸೂರು ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಶೂ ಡಬ್ಬವಿಟ್ಟುಕೊಂಡು, ತಯಾರಾಗಿ ಕೂತಿದ್ದರು. ಡಬ್ಬದಲ್ಲಿ ಗುಮಾಸ್ತನ ಮನೆ. ಮಗಳೂ ಬಂದಳು. "ಅಮ್ಮಿ, ಜಗಳ ಮಾತ್ರ ಬೇಡ" ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು.

ಮೇಡಂ ಎದ್ದು ನಿಂತು ಮಾತಾಡಿದ್ದು ಇಂಗ್ಲಿಷಿನಲ್ಲಿ, ಆದರೆ ಅದು ಪಾಠವಾಗಿತ್ತು. ಬೇಡಿಕೆಯ ಒಂದು ಮಾತೂ ಇಲ್ಲ! ನಗರವೊಂದು ಬೆಳೆಯುತ್ತದೆ. ಎಲ್ಲೆಲ್ಲಿಂದಲೋ ಬಂದವರು ಅದರ ಅಂಚಿನಲ್ಲಿ ಒಂದೇ ಥರದ ಮನೆಗಳಲ್ಲಿ ಇಳಿಯುತ್ತಾರೆ. ಪಕ್ಕದವರು ಯಾರೆಂದು ಗೊತ್ತಿಲ್ಲ, ಅದಕ್ಕೆ ಪಕ್ಕದವರೆಂದರೆ ಹೆದರಿಕೆ. ಆ ಹೆದರಿಕೆಯಿಂದ ನಿಯಮಗಳು ಹುಟ್ಟುತ್ತವೆ. ಬಟ್ಟೆ ಮುಂದುಗಡೆ ಒಣಹಾಕಬಾರದು, ಮನೆಯಲ್ಲಿ ಅಂಗಡಿ ಇಡಬಾರದು. "ನಿಮ್ಮ ನಿಯಮದ ಮೇಲೆ ನನಗೆ ಸಿಟ್ಟಿಲ್ಲ," ಅಂದರು. "ನನ್ನ ಬೀದಿಯಲ್ಲೂ ಅಂಥವೇ ಇವೆ. ನಾನೇ ಇಟ್ಟಿದ್ದೇನೆ. ಆದರೆ ಬೀದಿ ಕಟ್ಟುತ್ತಾ ನನಗೊಂದು ಸಮಸ್ಯೆ ಬಂತು. ನಿಯಮಗಳನ್ನೆಲ್ಲ ಪಾಲಿಸಿದರೆ ನನ್ನ ಜನ ಒಬ್ಬರನ್ನೊಬ್ಬರು ಭೇಟಿಯಾಗುವ ಜಾಗವೇ ಉಳಿಯಲಿಲ್ಲ."

ಡಬ್ಬ ತೆರೆದು ಮನೆಯನ್ನು ಮೇಜಿನ ಮೇಲಿಟ್ಟರು.

ಸಂಘದವರು ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿದರು. ಕೊನೆಗೆ ಎದುರು ಮನೆಯವರು ಬಂದರು. ಕನ್ನಡಕ ತೆಗೆದು, ಹಾಕಿಕೊಂಡು, ಬಹಳ ಹೊತ್ತು ನೋಡಿದರು. ಚಿಕ್ಕಂದಿನಲ್ಲಿ ಇಂಗ್ಲೆಂಡಿನಲ್ಲಿದ್ದ ಅಜ್ಜಿಯ ಮನೆಗೆ ಹೋಗಿದ್ದೆ, ಹೀಗೇ ಇತ್ತು ಅಂದರು. ಕಿಟಕಿ ಸರಿ ಇದೆ, ಪರದೆ ಸರಿ ಇದೆ, ಮೆಟ್ಟಿಲಿನ ಬಿಳಿಯೂ ಸರಿ ಇದೆ. ಆಮೇಲೆ ಬೆರಳನ್ನು ಬಾಗಿಲ ಹತ್ತಿರ ತಂದರು.

"ಇದು ಮಾತ್ರ ತಪ್ಪು. ಅಲ್ಲಿ ಯಾರೂ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡುತ್ತಿರಲಿಲ್ಲ."

 ನಾನು ಮೇಡಂ ಮುಖ ನೋಡಿದೆ, ಮೇಡಂ ಮಗಳ ಮುಖ ನೋಡಿದರು, ಮಗಳು ನನ್ನ ಮುಖ ನೋಡಿದಳು. ದಿನಾ ಆ ಬೀದಿಯನ್ನು ನೋಡುತ್ತಿದ್ದ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ! ಬಾಗಿಲು ಅಂದಮೇಲೆ ಚಪ್ಪಲಿ ಇರುತ್ತದೆ. ಅದರಲ್ಲಿ ನೋಡುವುದೇನಿದೆ?

"ಅಯ್ಯೋ," ಅಂದರು ಮೇಡಂ, ಕನ್ನಡದಲ್ಲೇ. "ಇಟ್ಟಿಗೆ ಬಣ್ಣ ಹುಡುಕಿ ನೋಡ್ದೆ. ಸೋಮವಾರ ಏನಡುಗೆ ಅಂತ ಹುಡುಕಿ ನೋಡ್ದೆ. ಇದನ್ನ ನೋಡ್ಬೇಕು ಅಂತಾನೇ ಅನ್ನಿಸ್ಲಿಲ್ವಲ್ಲೇ ನಂಗೆ!"

ಆಮೇಲೆ ಆ ಮುದುಕರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು. "ನೀವು ಹೇಳಿದ್ದು ಸರಿ. ನಮ್ಮಲ್ಲಿ ಮನೆಯೊಳಗೆ ಜನ ಇದ್ದಾರೆ ಎಂದು ತಿಳಿಯುವುದು ಬಾಗಿಲ ಚಪ್ಪಲಿಯಿಂದ. ಚಪ್ಪಲಿ ಇಲ್ಲದ ಬಾಗಿಲನ್ನು ಮಾಡಲು ನನ್ನ ಕೈಗೆ ಬರಲಿಲ್ಲ, ನೋಡಿ." ಹಾಗೆನ್ನುತ್ತಲೇ ಉಗುರಿನಿಂದ ಆ ಪುಟ್ಟ ಚಪ್ಪಲಿಯನ್ನು ಕೀಳಲು ಹೋದರು.

ಮುದುಕರು ಮೇಡಂ ಕೈಯ ಮೇಲೆ ಅಂಗೈ ಅಡ್ಡ ಹಿಡಿದರು, ಮುಟ್ಟಲಿಲ್ಲ. "ಬೇಡ," ಅಂದರು. "ಇರಲಿ ಬಿಡಿ."

ನಿಯಮವನ್ನು ತೆಗೆಯಲು ಸಂಘಕ್ಕೆ ಆಗಲಿಲ್ಲ. ಸಂಘ ಎಂದರೆ ಸಂಘ. ಬಹಳ ಚರ್ಚೆ ಮಾಡಿ ಒಂದು ತೀರ್ಮಾನಕ್ಕೆ ಬಂದರು. ಹಗಲಿನಲ್ಲಿ ಗ್ಯಾರೇಜಿನ ಬಾಗಿಲನ್ನು ಗಾಳಿಗಾಗಿ ಸೊಂಟದೆತ್ತರಕ್ಕೆ ತೆರೆದಿಡಬಹುದು. ಅದನ್ನು ಸೂಚಿಸಿದವರು ಎದುರು ಮನೆಯವರೇ. ನನಗೆ ಕೋಪ ಬಂತು. ಇದೆಂಥ ನ್ಯಾಯ, ಅರ್ಧ ಬಾಗಿಲು! ಕಾರಿನಲ್ಲಿ ನಾನು ಬಯ್ಯುತ್ತಿದ್ದರೆ ಮೇಡಂ ಹಿಂದಿನ ಸೀಟಿನಲ್ಲಿ ಮನೆಯನ್ನು ತಬ್ಬಿಕೊಂಡು ನಗುತ್ತಿದ್ದರು. "ಸುಮ್ನಿರೇ. ಇನ್ಮೇಲೆ ನನ್ನ ಬೀದಿಗೆ ಬರೋರು ಬಗ್ಗಿ ಸಲಾಂ ಹೊಡ್ದೇ ಬರ್ಬೇಕು."

ಹಾಗೇ ಆಯಿತು. ಮಕ್ಕಳು ಉರುಳಿಕೊಂಡು ಬರುತ್ತಿದ್ದರು. ಪಾರ್ಸೆಲ್ಲಿನವನು ಟೋಪಿ ತೆಗೆದು ನುಸುಳುತ್ತಿದ್ದ. ನನ್ನ ಗಂಡ ಮೊದಲ ಸಲ ಬಂದಾಗ ಹಣೆ ಬಡಿಸಿಕೊಂಡ. ಬೆಳಕು ಈಗ ಕೆಳಗಿನಿಂದ ಮಾತ್ರ ಬಂದು, ಮನೆಗಳ ಬಾಗಿಲು, ಮೆಟ್ಟಿಲು, ಚಪ್ಪಲಿಗಳ ಮೇಲೆ ಬಿದ್ದು, ಮೇಲೆ ಚಿಮಣಿಗಳು ಮಬ್ಬಿನಲ್ಲಿ ಉಳಿಯುತ್ತಿದ್ದವು. ಮೇಡಂ ಮೊದಲ ದಿನ ಅದನ್ನು ಕಂಡು ಇಕ್ಕಳ ಕೆಳಗಿಟ್ಟರು. "ನಾನು ಎಷ್ಟು ಗೋಂದು ಸುಲಿದ್ರೂ ಬರದೇ ಇದ್ದ ಸಂಜೆ ಇದು," ಅಂದರು.

ಎದುರು ಮನೆಯವರೂ ಬರತೊಡಗಿದರು. ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡುವ ನೆಪ. ಕಷ್ಟಪಟ್ಟು ಬಗ್ಗಿ ಒಳಗೆ ಬಂದು, ಲೇಸು ಕಟ್ಟಿದ ದಪ್ಪ ಬೂಟುಗಳನ್ನು ನೋಡಿಕೊಂಡು, ಜಮಖಾನೆಯ ಅಂಚಿನಲ್ಲೇ ನಿಲ್ಲುತ್ತಿದ್ದರು. ಅಲ್ಲಿಂದಲೇ ಕತ್ತು ಉದ್ದ ಮಾಡಿ ನೋಡುವುದು. ನಿಲ್ದಾಣದ ಗಡಿಯಾರ ಸ್ವಲ್ಪ ಕೆಳಗಾಯಿತು ಎಂದು ತಕರಾರು ಮಾಡುವುದು, ಹೋಗುವುದು. ಅವರು ಹೋದ ಮೇಲೆ ಮೇಡಂ ಖಾಲಿ ನಿವೇಶನದ ಮೇಲೆ ಬೆರಳಿಟ್ಟು ಮೊಮ್ಮಗಳಿಗೆ ಹೇಳಿದರು, "ಸಿಕ್ಕಿದ್ರು ಬೇಟಾ, ಮೂಲೆ ಮನೆಯವರು."

ಮೂಲೆ ಮನೆಯೇ ಅವರ ಕೈಯ ಅತ್ಯುತ್ತಮ ಕೆಲಸ. ರೈಲ್ವೆಯ ನಿವೃತ್ತ ಇಂಜಿನಿಯರ್, ಒಬ್ಬನೇ. ಕಿಟಕಿಯಲ್ಲಿ ಒಂದು ಕುರ್ಚಿ, ಇಡೀ ಬೀದಿ ಕಾಣುವ ಹಾಗೆ. ಆ ಮನೆಗೂ ಅವರು ಒಂದು ಜೊತೆ ಬೂಟು ಕೊರೆದರು, ಲೇಸಿನ ಸಮೇತ. ಆದರೆ ಬಾಗಿಲಲ್ಲಿ ಅಂಟಿಸಲಿಲ್ಲ. ಒಂದು ಮಾತ್ರೆ ಡಬ್ಬಿಯಲ್ಲಿ ಹಾಕಿಟ್ಟರು.

"ಅಂಟಿಸಲ್ವಾ ಮೇಡಂ?"

"ಆ ಮನುಷ್ಯ ಬೂಟು ಬಿಚ್ಚೋನಲ್ಲ," ಅಂದರು. "ಬಿಚ್ಚಿದ ದಿನ ಅಂಟಿಸೋಣ."

ಕಳೆದ ಚಳಿಗಾಲದಲ್ಲಿ ಅವರ ಕೆಮ್ಮು ಎದೆಗಿಳಿಯಿತು. ಆಸ್ಪತ್ರೆಗೆ ನೋಡಲು ಹೋದಾಗ ಬೆರಳುಗಳನ್ನು ಮುಂದೆ ಚಾಚಿ, "ನೋಡು, ನರ್ಸು ಎಲ್ಲಾ ತೊಳೆದುಬಿಟ್ಟಿದಾಳೆ" ಎಂದು ದೂರು ಹೇಳಿದರು. ನನ್ನ ಜೊತೆ ಆಡಿದ ಕೊನೆಯ ಮಾತು, "ಹೊಲ ಬಿಟ್ಬಿಡು. ಅಲ್ಲಿ ಮನೆ ಕಟ್ಬೇಡ. ಆ ಹಸು ಇರ್ಲಿ." ಎರಡು ದಿನದ ನಂತರ ಹೋಗಿಬಿಟ್ಟರು.

ಮಸೀದಿಯಲ್ಲಿ ನಮಾಜು, ದಫನ್ ಎಲ್ಲ ಮುಗಿದ ಸಂಜೆ ಜನ ಮನೆಗೆ ಬಂದರು. ಎಷ್ಟು ಜನ! ಬಸ್ಸಿನ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಸ್ನೊಕ್ವಾಲ್ಮಿಯಿಂದ ಬಂದ ನೆಂಟರು, ಸಮವಸ್ತ್ರದಲ್ಲೇ ಬಂದ ಪಾರ್ಸೆಲ್ಲಿನವನು. ಮನೆಯೊಳಗೆ ಜಾಗ ಸಾಲಲಿಲ್ಲ. ಮಗಳು ತನ್ನ ಕಾರನ್ನು ಹೊರಗೆ ನಿಲ್ಲಿಸಿ, ಗ್ಯಾರೇಜಿನ ಬಾಗಿಲನ್ನು 'ಜನ ಏನಂದ್ಕೋತಾರೆ' ಎನ್ನದೆ ಪೂರ್ತಿ ಮೇಲಕ್ಕೆತ್ತಿದಳು. ಮುಂಬಾಗಿಲಿನಿಂದ ಶುರುವಾದ ಚಪ್ಪಲಿ, ಶೂಗಳ ಸಾಲು ಗ್ಯಾರೇಜಿನ ಮುಂದೆ ಹಾದು ರಸ್ತೆಯ ತನಕ ಬಂದಿತ್ತು. ಆ ಗೋಧಿ ಬಣ್ಣದ ಸಾಲಿನಲ್ಲಿ ಆ ಮನೆ ಅವತ್ತು ಯಾರಿಗೂ ತಪ್ಪುವ ಹಾಗಿರಲಿಲ್ಲ.

ಎದುರು ಮನೆಯವರು ರಸ್ತೆ ದಾಟಿ ಬರುವುದು ಕಂಡಿತು. ಪೂರ್ತಿ ತೆರೆದ ಬಾಗಿಲನ್ನು ಒಮ್ಮೆ ಮೇಲಕ್ಕೆ ನೋಡಿದರು. ನನ್ನ ಪಕ್ಕದಲ್ಲಿದ್ದ ಮಗಳು ನನ್ನ ಕಡೆ ನೋಡಿದಳು. ಅವರು ಹೊಸ್ತಿಲ ಹತ್ತಿರ ಬಂದು ನಿಧಾನವಾಗಿ ಬಗ್ಗಿದರು. ಅಭ್ಯಾಸಬಲ, ಬಾಗಿಲು ಅರ್ಧವೇ ಇದೆ ಎಂದುಕೊಂಡಿದ್ದಾರೆ ಎಂದುಕೊಂಡೆ. ಅವರು ಬಗ್ಗಿಯೇ ಇದ್ದರು. ಒಂದು ಕೈಯನ್ನು ಗೋಡೆಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಲೇಸು ಬಿಚ್ಚುತ್ತಿದ್ದರು. ಗಂಟು ಬಿಗಿ, ಬಹಳ ಹೊತ್ತು ಹಿಡಿಯಿತು. ಸಹಾಯಕ್ಕೆ ಹೋಗಲು ನನಗೆ ಧೈರ್ಯವಾಗಲಿಲ್ಲ. ಬೂಟುಗಳನ್ನು ನಮ್ಮ ಸಾಲಿನ ಕೊನೆಯಲ್ಲಿ ನೇರವಾಗಿ ಜೋಡಿಸಿಟ್ಟು, ಕಾಲುಚೀಲದಲ್ಲಿ ಜಮಖಾನೆ ಹತ್ತಿ, ಮೂಲೆ ಮನೆಯ ಮುಂದೆ ಹೋಗಿ ನಿಂತರು.

ಎಲ್ಲರೂ ಹೋದ ಮೇಲೆ ನಾನು ಆ ಮಾತ್ರೆ ಡಬ್ಬಿಯನ್ನು ತೆರೆದೆ. ಇಕ್ಕಳದಲ್ಲಿ ಬೂಟುಗಳನ್ನು ಎತ್ತಿ, ಒಂದು ಹನಿ ಗೋಂದು ಮುಟ್ಟಿಸಿ, ಮೂಲೆ ಮನೆಯ ಬಾಗಿಲ ಹೊರಗೆ ಇಟ್ಟು ಒತ್ತಿ ಹಿಡಿದೆ. ಲಂಡನ್ನಿನ ಆ ಬೀದಿಗೆ ಇದು ಎಂಥ ತಪ್ಪು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೈ ತೆಗೆದಾಗ ಬೆರಳಿಗೆ ಮೆತ್ತಿದ್ದ ಗೋಂದು ಒಣಗಿತ್ತು. ಮೆಲ್ಲಗೆ ಸುಲಿದು ಸ್ವೆಟರಿನ ಜೇಬಿಗೆ ಹಾಕಿಕೊಂಡೆ.